ಒತ್ತೆಯಿಟ್ಟ ಮನೆಯೂ ಬಿಡಿಸಿಕೊಳ್ಳುವ ಹಕ್ಕೂ



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಮನೆಯ ಕೆಲಸದಲ್ಲಿ ಕಷ್ಟವುಂಟೆಂದು ಗಾದೆ ಎಚ್ಚರಿಸುತ್ತದೆ. ಆದರೆ ಆ ಕಷ್ಟದ ಬಹುಭಾಗವು ಎಲ್ಲಿಂದ ಬರುವುದೆಂಬುದನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ. ಕಲ್ಲು, ಮರ, ಗಾರೆಗಳನ್ನು ಒದಗಿಸಿಕೊಳ್ಳುವುದಕ್ಕಿಂತ ಅವುಗಳಿಗೆ ತೆರಬೇಕಾದ ಹಣವನ್ನು ಒದಗಿಸಿಕೊಳ್ಳುವುದೇ ಕಠಿನ. ಒಂದು ಮನೆಯ ಬೆಲೆಯನ್ನು ಒಂದೇ ಸಲಕ್ಕೆ ಎಣಿಸಿ ಕೊಡಬಲ್ಲ ಗೃಹಸ್ಥರು ಯಾವ ಕಾಲದಲ್ಲಿಯೂ ಕೆಲವರೇ. ಉಳಿದವರು ಸಾಲ ಮಾಡಬೇಕು. ಸಾಲ ಕೊಡುವವನು ಭದ್ರತೆಯನ್ನು ಕೇಳುವನು. ಸಾಧಾರಣ ಸಂಸಾರಿಯು ಭದ್ರತೆಯಾಗಿ ತೋರಿಸಬಲ್ಲ ಸ್ವತ್ತೆಂದರೆ ಆ ಮನೆಯೇ. ಹೀಗೆ, ಯಾವ ಮನೆಯಲ್ಲಿ ನಿಶ್ಚಿಂತೆಯಿಂದ ಬಾಳಬೇಕೆಂದು ಸಾಲ ಮಾಡುತ್ತೇವೆಯೋ ಆ ಮನೆಯನ್ನೇ ಮೊದಲು ಸಾಲಕ್ಕೆ ಒಪ್ಪಿಸಿಬಿಡುತ್ತೇವೆ. ಈ ವ್ಯವಹಾರಕ್ಕೆ ಒತ್ತೆಯೆಂದೂ ಆಧಾರವೆಂದೂ ಅಡಮಾನವೆಂದೂ ಹೆಸರುಗಳುಂಟು.

ಅಡಮಾನದ ಚರಿತ್ರೆಯು ಬಲು ದೀರ್ಘವಾದುದು. ಆದರೂ ಅದರ ತಿರುಳು ಒಂದು ಸಣ್ಣ ಪ್ರಶ್ನೆಯಲ್ಲಿ ಅಡಗಿದೆ. ಒತ್ತೆಯಿಟ್ಟವನು ಹಣವನ್ನು ತಂದು ಸಾಹುಕಾರನ ಬಾಗಿಲಲ್ಲಿ ನಿಂತಾಗ, ಸಾಹುಕಾರನು ಸ್ವತ್ತನ್ನು ಹಿಂದಕ್ಕೆ ಬಿಟ್ಟುಕೊಡಲೇಬೇಕೆ? ಗಡುವು ಮೀರಿ ಬಂದರೆ ಏನು? ಒತ್ತೆಯು ಎಂದಿಗೂ ಒತ್ತೆಯಾಗಿಯೇ ಉಳಿಯುವುದೋ ಅಥವಾ ಒಂದು ದಿನ ಸದ್ದಿಲ್ಲದೆ ಮಾರಾಟವಾಗಿ ಮಾರ್ಪಡುವುದೋ? ಈ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದೇ ಈ ಹೊತ್ತಿನ ಉದ್ದೇಶ. ಮನೆ ಕೊಳ್ಳಬೇಕೆಂದಿರುವವರಿಗೆ ಇದು ಬರಿಯ ಹಳೆಯ ಕಥೆಯಾಗಿ ತೋರಲಾರದೆಂದು ನಂಬಿದ್ದೇನೆ.

ಈ ವಿಚಾರವನ್ನು ಕನ್ನಡ ನಾಡಿನಿಂದಲೇ ಆರಂಭಿಸಬಹುದು. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವು ಹಿಂದೆ ಚಾಲುಕ್ಯರ ರಾಜಧಾನಿಯಾದ ಕಲ್ಯಾಣವಾಗಿದ್ದಿತು. ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಷಯದಲ್ಲಿ ಬಂಗಾಳವನ್ನು ಬಿಟ್ಟು ಹಿಂದೂದೇಶದ ಬಹುಭಾಗಕ್ಕೆ ಈ ಗ್ರಂಥವೇ ಪ್ರಮಾಣವಾಯಿತೆಂಬುದು ಪ್ರಸಿದ್ಧ ಸಂಗತಿ. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ಸಾಲ ಮತ್ತು ಒತ್ತೆಗಳ ವಿಷಯವೂ ಅಷ್ಟೇ ಸೂಕ್ಷ್ಮವಾಗಿ ವಿಚಾರಿಸಲ್ಪಟ್ಟಿದೆಯೆಂಬುದನ್ನು ಬಲ್ಲವರು ಕಡಮೆ.

ಒತ್ತೆಗೆ ಶಾಸ್ತ್ರದಲ್ಲಿ ‘ಆಧಿ’ ಎಂದು ಹೆಸರು. ಅದರಲ್ಲಿ ಎರಡು ಬಗೆ. ಸಾಹುಕಾರನು ಮುಟ್ಟದೆ ಜೋಪಾನವಾಗಿ ಇಟ್ಟುಕೊಂಡಿರತಕ್ಕುದು ಗೋಪ್ಯ. ಅವನು ಅನುಭವಿಸಿ ಫಲವನ್ನು ತೆಗೆದುಕೊಳ್ಳತಕ್ಕುದು ಭೋಗ್ಯ. ಆಭರಣವನ್ನು ಪೆಟ್ಟಿಗೆಯಲ್ಲಿ ಇಡುವುದು ಮೊದಲನೆಯದಕ್ಕೆ ಉದಾಹರಣೆ. ಹೊಲವನ್ನು ಉತ್ತು ಬೆಳೆಯನ್ನು ಬಡ್ಡಿಗೆ ಬದಲಾಗಿ ಕೊಂಡೊಯ್ಯುವುದು ಎರಡನೆಯದಕ್ಕೆ. ಗೋಪ್ಯವಾಗಿ ಇಟ್ಟ ವಸ್ತುವನ್ನು ಸಾಹುಕಾರನು ಉಪಯೋಗಿಸಿದರೆ ಅವನಿಗೆ ಬಡ್ಡಿಯಿಲ್ಲ. ಒತ್ತೆಯುಳ್ಳ ಸಾಲಕ್ಕೆ ತಿಂಗಳೊಂದಕ್ಕೆ ಅಸಲಿನ ಎಂಬತ್ತನೆಯ ಒಂದು ಪಾಲು ಬಡ್ಡಿ; ಎಂದರೆ ನೂರಕ್ಕೆ ಒಂದೂಕಾಲು, ವರ್ಷಕ್ಕೆ ಹದಿನೈದು. ಒತ್ತೆಯಿಲ್ಲದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡರಿಂದ ಐದರವರೆಗೆ, ಅದೂ ವರ್ಣಕ್ರಮವನ್ನನುಸರಿಸಿ. ಎಲ್ಲರಿಗಿಂತ ಕೆಳಗಿನವನೆನಿಸಿಕೊಂಡವನು ಎಲ್ಲರಿಗಿಂತ ಹೆಚ್ಚು ಬಡ್ಡಿ ತೆರಬೇಕಾಗಿದ್ದಿತು. ಈ ಅನ್ಯಾಯವನ್ನು ಮರೆಮಾಚಿ ಶಾಸ್ತ್ರವನ್ನು ಹೊಗಳುವುದು ಸರಿಯಲ್ಲ. ಆದರೆ ಭದ್ರತೆಯುಂಟಾದರೆ ಬಡ್ಡಿಯು ಇಳಿಯಬೇಕೆಂಬ ನಿಯಮವು ಅಂದಿಗೇ ಸ್ಪಷ್ಟವಾಗಿದ್ದಿತೆಂಬುದನ್ನು ಗಮನಿಸಬೇಕು. ಮನೆಸಾಲದ ಬಡ್ಡಿಯು ಕೈಸಾಲದ ಬಡ್ಡಿಗಿಂತ ಕಡಮೆಯಾಗಿರುವುದಕ್ಕೆ ಇಂದಿಗೂ ಇದೇ ಕಾರಣ.

ಈಗ ನಮ್ಮ ಪ್ರಶ್ನೆಗೆ ಬರೋಣ. ಯಾಜ್ಞವಲ್ಕ್ಯನ ಮತದಂತೆ, ಸಾಲವು ಬೆಳೆದು ಎರಡರಷ್ಟಾದರೂ ಬಿಡಿಸಿಕೊಳ್ಳದ ಒತ್ತೆಯು ಸಾಲಗಾರನಿಗೆ ತಪ್ಪಿಹೋಗುವುದು. ಗಡುವನ್ನು ಗೊತ್ತುಮಾಡಿ ಇಟ್ಟ ಒತ್ತೆಯು ಆ ಗಡುವಿಗೆ ತಪ್ಪಿಹೋಗುವುದು. ಆದರೆ ಫಲವನ್ನು ಅನುಭವಿಸತಕ್ಕ ಭೋಗ್ಯವು ಎಂದಿಗೂ ನಾಶವಾಗುವುದಿಲ್ಲ. ಸಾಹುಕಾರನು ಬೆಳೆಯನ್ನು ತಿನ್ನುತ್ತಲೇ ಇದ್ದಾನಷ್ಟೆ. ಕಾಲವು ಕಳೆಯಿತೆಂಬ ನೆಪದಿಂದ ಅವನಿಗೆ ಹೊಲವನ್ನೂ ಕೊಡಬೇಕಾಗಿಲ್ಲವೆಂಬುದು ಇದರ ಅಭಿಪ್ರಾಯ. ಇಷ್ಟು ಮಾತ್ರವಲ್ಲ. ಸಾಲಗಾರನು ಹಣ ತಂದು ನಿಂತರೆ ಒತ್ತೆಯನ್ನು ಬಿಡಲೇಬೇಕು. ಬಿಡದವನು ಕಳ್ಳನಿಗೆ ಸಮಾನ. ಸಾಹುಕಾರನು ಊರಿನಲ್ಲಿಲ್ಲದಿದ್ದರೆ ಅವನ ಕುಟುಂಬದವರ ಕೈಯಲ್ಲಿ ಹಣವನ್ನಿಟ್ಟು ಒತ್ತೆಯನ್ನು ಬಿಡಿಸಿಕೊಳ್ಳಬಹುದು. ಒಂದೇ ಸ್ವತ್ತನ್ನು ಇಬ್ಬರಿಗೆ ಒತ್ತೆಯಿಟ್ಟರೆ ಮೊದಲಿನದೇ ಬಲವತ್ತರ. ಈ ಮೂರು ಮಾತುಗಳನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ; ಮುಂದೆ ಇವು ಬೇರೆ ಉಡುಪಿನಲ್ಲಿ ಮತ್ತೆ ಬರುವುವು.

ಬಡ್ಡಿಗೆ ಶಾಸ್ತ್ರವು ಇನ್ನೊಂದು ಎಲ್ಲೆಯನ್ನು ಕಟ್ಟಿತು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಕೂಡದು. ಮನುಸ್ಮೃತಿಯಲ್ಲಿಯೂ ಇರುವ ಈ ನಿಯಮವನ್ನು ‘ದಾಮದುಪಟ್’ ಎಂಬ ಹೆಸರಿನಿಂದ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಆಂಗ್ಲರ ಆಳಿಕೆಯಲ್ಲಿಯೂ ಹಿಂದೂ ಸಾಲಗಾರರ ವಿಷಯದಲ್ಲಿ ಪಾಲಿಸಿದುವು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಅಂದು ಆ ಪ್ರಾಂತಕ್ಕೆ ಸೇರಿದ್ದುದರಿಂದ ಉತ್ತರದ ಕನ್ನಡಿಗರಿಗೆ ಈ ನಿಯಮವು ಅಪರಿಚಿತವಾಗಿರಲಿಲ್ಲ.

ಶಾಸ್ತ್ರವು ಹೀಗಿದ್ದರೂ ಸಾಹುಕಾರನ ಜಾಣತನವು ಅದಕ್ಕಿಂತ ಮುಂದೆ ನಡೆಯಿತು. ಒತ್ತೆಗೆ ಇಷ್ಟು ಕಟ್ಟುಪಾಡುಗಳಿದ್ದರೆ ಪತ್ರದಲ್ಲಿ ಒತ್ತೆಯೆಂದು ಬರೆಯಿಸದಿದ್ದರಾಯಿತಲ್ಲವೆ? ಸಾಲವನ್ನು ಕೊಟ್ಟು ಕ್ರಯಪತ್ರವನ್ನೇ ಬರೆಯಿಸಿಕೊಳ್ಳುವುದು. ಇಂಥ ದಿನದೊಳಗಾಗಿ ಹಣವನ್ನು ಹಿಂದಿರುಗಿಸಿದರೆ ಸ್ವತ್ತನ್ನು ಮರಳಿ ಕೊಡುವುದಾಗಿ ಒಂದು ಷರತ್ತನ್ನು ಸೇರಿಸುವುದು. ಇದಕ್ಕೆ ಷರತ್ತಿನ ಕ್ರಯವೆಂದು ಹೆಸರು. ಉತ್ತರ ಹಿಂದೂಸ್ಥಾನದಲ್ಲಿ ಇದನ್ನು ಬೈ-ಬಿಲ್-ವಫಾ ಎಂದು ಕರೆಯುತ್ತಿದ್ದರು. ದಿನವೊಂದು ತಪ್ಪಿದರೆ ಮನೆಯು ಹೋಯಿತು. ಮನೆಯ ಬೆಲೆಯು ಸಾಲದ ನಾಲ್ಕರಷ್ಟಿದ್ದರೂ ಹೋಯಿತು.

ಇಂಥದೇ ಕಷ್ಟವು ಸಮುದ್ರದಾಚೆಯ ಇಂಗ್ಲೆಂಡಿನಲ್ಲಿಯೂ ಇದ್ದಿತು. ಈ ಕಾಲದ ನಮ್ಮ ಅಡಮಾನದ ಕಾಯಿದೆಯು ಬಹುಮಟ್ಟಿಗೆ ಅಲ್ಲಿನ ತತ್ತ್ವಗಳ ಮೇಲೆ ನಿಂತಿರುವುದರಿಂದ ಅಲ್ಲಿಗೆ ಒಮ್ಮೆ ಹೋಗಿ ಬರುವುದು ಅವಶ್ಯಕ. ‘ಮಾರ್ಟ್‌ಗೇಜ್’ ಎಂಬ ಮಾತು ಹಳೆಯ ಫ್ರೆಂಚ್ ಭಾಷೆಯದು. ಅದರ ಅರ್ಥ ಸತ್ತ ಒತ್ತೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಗ್ಲಾನ್‌ವಿಲ್ಲನ ಹೆಸರಿನಿಂದ ಪ್ರಸಿದ್ಧವಾದ ನ್ಯಾಯಗ್ರಂಥವು ಎರಡು ಬಗೆಯ ಒತ್ತೆಗಳನ್ನು ಹೇಳುತ್ತದೆ. ಭೂಮಿಯ ಉತ್ಪತ್ತಿಯು ಸಾಲಕ್ಕೆ ಜಮೆಯಾಗುತ್ತ ಬಂದರೆ ಅದು ಜೀವಂತ ಒತ್ತೆ. ಉತ್ಪತ್ತಿಯೆಲ್ಲವೂ ಸಾಹುಕಾರನಿಗೆ ಹೋಗಿ ಸಾಲವು ಒಂದು ಕಾಸೂ ಇಳಿಯದಿದ್ದರೆ ಅದು ಸತ್ತ ಒತ್ತೆ. ಹದಿನೈದನೆಯ ಶತಮಾನದ ಲಿಟಲ್ಟನ್ನನು ಈ ಹೆಸರಿಗೆ ಬೇರೊಂದು ಕಾರಣವನ್ನು ಕೊಟ್ಟನು: ಗಡುವಿಗೆ ಹಣ ಸಲ್ಲದಿದ್ದರೆ ಭೂಮಿಯು ಸಾಲಗಾರನ ಪಾಲಿಗೆ ಸತ್ತಂತೆ; ಸಂದರೆ ಸಾಹುಕಾರನ ಪಾಲಿಗೆ ಸತ್ತಂತೆ. ಹೇಗೆ ಹೇಳಿದರೂ ಆ ವ್ಯವಹಾರದಲ್ಲಿ ಮರಣದ ಮಾತು ಬಿಡಲಿಲ್ಲ.

ಅಲ್ಲಿನ ಸಾಧಾರಣ ನ್ಯಾಯಾಲಯಗಳು ಪತ್ರದಲ್ಲಿ ಬರೆದುದನ್ನು ಅಕ್ಷರಶಃ ನಡೆಸುತ್ತಿದ್ದುವು. ಆದರೆ ಚಾನ್ಸರಿ ಎಂಬ ಮತ್ತೊಂದು ನ್ಯಾಯಸ್ಥಾನವಿದ್ದಿತು. ಅದು ಅಕ್ಷರಕ್ಕಿಂತ ಧರ್ಮಬುದ್ಧಿಗೆ ಹೆಚ್ಚು ಬೆಲೆ ಕೊಡುತ್ತಿದ್ದಿತು. ಸಾಹುಕಾರನಿಗೆ ಬೇಕಾದುದು ಹಣ ಮತ್ತು ಬಡ್ಡಿ. ಅವೆರಡೂ ದೊರೆತ ಮೇಲೆ ಭೂಮಿಯನ್ನು ಹಿಡಿದುಕೊಳ್ಳುವುದು ಧರ್ಮವಲ್ಲವೆಂದು ಅದು ಭಾವಿಸಿತು. ಹದಿನೇಳನೆಯ ಶತಮಾನದಲ್ಲಿ ಗಡುವು ಮೀರಿದ ಮೇಲೆಯೂ ನ್ಯಾಯವಾದ ಕಾಲದೊಳಗೆ ಹಣ ತಂದವನಿಗೆ ಸ್ವತ್ತನ್ನು ಬಿಡಿಸಿಕೊಡುವುದು ಅದರ ರೂಢಿಯಾಯಿತು. ಇದೇ ವಿಮೋಚನೆಯ ಹಕ್ಕು. ಒಮ್ಮೆ ಅಡಮಾನವಾದುದು ಎಂದಿಗೂ ಅಡಮಾನವೇ. ಪತ್ರದಲ್ಲಿ ಏನೇ ಬರೆಯಿಸಿದರೂ ಈ ಹಕ್ಕಿಗೆ ಅಡ್ಡಿ ಹಾಕಲಾಗದು ಎಂಬ ಸೂತ್ರವು ಅಲ್ಲಿಂದ ಬಂದಿತು.

ಕಂಪನಿಯ ಸರ್ಕಾರವು ಬಂಗಾಳದಲ್ಲಿ ೧೮೦೬ರ ಹದಿನೇಳನೆಯ ರೆಗ್ಯುಲೇಷನ್ನಿನಿಂದ ಷರತ್ತಿನ ಕ್ರಯಕ್ಕೆ ಸಿಕ್ಕಿದವರಿಗೆ ನೋಟೀಸಾದ ಮೇಲೆ ಒಂದು ವರ್ಷದ ಅವಕಾಶವನ್ನು ಕೊಟ್ಟಿತು. ೧೮೮೨ರಲ್ಲಿ ಸ್ವತ್ತು ವರ್ಗಾವಣೆಯ ಕಾಯಿದೆಯು ಜಾರಿಗೆ ಬಂದಿತು. ಅನೇಕ ತಿದ್ದುಪಡಿಗಳೊಡನೆ ಅದೇ ಇಂದಿಗೂ ನಡೆಯುತ್ತಿದೆ. ಅದರ ೫೮ನೆಯ ಪ್ರಕರಣವು ಅಡಮಾನದ ಬಗೆಗಳನ್ನು ವಿಂಗಡಿಸುತ್ತದೆ. ಸ್ವಾಧೀನವನ್ನು ಕೊಡದೆ ಮಾಡುವ ಸರಳ ಅಡಮಾನ, ಷರತ್ತಿನ ಕ್ರಯರೂಪವಾದ ಅಡಮಾನ, ನಮ್ಮ ಹಳೆಯ ಭೋಗ್ಯ, ಇಂಗ್ಲಿಷ್ ಅಡಮಾನ, ಹಕ್ಕುಪತ್ರಗಳನ್ನು ಸಾಹುಕಾರನಲ್ಲಿ ಇಡುವುದರಿಂದಲೇ ಆಗುವ ಅಡಮಾನ ಇವು ಮುಖ್ಯವಾದುವು. ೬೦ನೆಯ ಪ್ರಕರಣವು ವಿಮೋಚನೆಯ ಹಕ್ಕನ್ನು ಸ್ಥಾಪಿಸಿತು. ೮೩ನೆಯ ಪ್ರಕರಣದಂತೆ, ಸಾಹುಕಾರನು ಹಣವನ್ನು ತೆಗೆದುಕೊಳ್ಳಲು ಹಿಂಜರಿದರೆ ಸಾಲಗಾರನು ಅದನ್ನು ನ್ಯಾಯಾಲಯದಲ್ಲಿ ಠೇವಣಿಯಿಟ್ಟು ಬಿಡುಗಡೆಯನ್ನು ಪಡೆಯಬಹುದು. ಯಾಜ್ಞವಲ್ಕ್ಯನು ಸಾಹುಕಾರನ ಕುಟುಂಬದ ಕೈಗೆ ಕೊಡಿಸಿದ ಹಣವನ್ನು ಈ ಕಾಯಿದೆಯು ನ್ಯಾಯಾಲಯದ ಕೈಗೆ ಕೊಡಿಸಿತು. ೧೯೨೯ರ ತಿದ್ದುಪಡಿಯು ಇನ್ನೊಂದು ನಿಯಮವನ್ನು ಸೇರಿಸಿತು: ಹಿಂದಿರುಗಿಸುವ ಷರತ್ತು ಕ್ರಯಪತ್ರದಲ್ಲಿಯೇ ಬರೆದಿರದಿದ್ದರೆ ಆ ವ್ಯವಹಾರವನ್ನು ಅಡಮಾನವೆಂದು ಭಾವಿಸುವಂತಿಲ್ಲ. ಕ್ರಯವನ್ನು ಒಂದು ಪತ್ರದಲ್ಲಿಯೂ ಮರುಕ್ರಯದ ಮಾತನ್ನು ಇನ್ನೊಂದು ಪತ್ರದಲ್ಲಿಯೂ ಬರೆದುಕೊಟ್ಟು ಇದು ಸಾಲ ಮಾತ್ರವೆಂದು ನಂಬಿದವರು ಈ ನಿಯಮದಿಂದಾಗಿ ಮನೆಯನ್ನು ಕಳೆದುಕೊಳ್ಳುವ ಸಂಭವವುಂಟು. ಪತ್ರವನ್ನು ಓದದೆ ಸಹಿ ಹಾಕುವುದು ಎಷ್ಟು ಅಪಾಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಭೋಗ್ಯದ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಬೆಂಗಳೂರಿನ ಬೀದಿಗಳಲ್ಲಿ ‘ಮನೆ ಭೋಗ್ಯಕ್ಕೆ ಇದೆ’ ಎಂಬ ಫಲಕವನ್ನು ನೋಡದವರಿಲ್ಲ. ದೊಡ್ಡ ಮೊತ್ತವೊಂದನ್ನು ಮನೆಯವರಿಗೆ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಗಡುವಿನ ಕೊನೆಯಲ್ಲಿ ಹಣವನ್ನು ಮರಳಿ ಪಡೆಯುವ ಈ ಪದ್ಧತಿಯು ಹಳೆಯ ಭೋಗ್ಯಾಧಿಯ ಸಂತತಿಯೇ. ಇಲ್ಲಿ ವಾಸಕ್ಕೆ ಬರುವವನೇ ಸಾಹುಕಾರ, ಮನೆಯ ಒಡೆಯನೇ ಸಾಲಗಾರ. ಆ ಮನೆಯು ಅದಾಗಲೇ ಬ್ಯಾಂಕಿಗೆ ಅಡಮಾನವಾಗಿದ್ದರೆ ಮೊದಲಿನ ಒತ್ತೆಯೇ ಬಲವತ್ತರವೆಂಬ ನಿಯಮವು ಭೋಗ್ಯದಾರನ ಹಣವನ್ನು ಅಪಾಯಕ್ಕೆ ಸಿಕ್ಕಿಸುವುದು.

ಇಲ್ಲಿಯವರೆಗೆ ಹೇಳಿದುದು, ಇದ್ದ ಮನೆಯನ್ನು ಉಳಿಸಿಕೊಳ್ಳುವ ಕಥೆ. ಇಲ್ಲದ ಮನೆಯನ್ನು ಸಾಲದಿಂದ ಸಂಪಾದಿಸುವ ಕಥೆಯು ಬೇರೆ. ಅದು ಅಷ್ಟು ಹಳೆಯದಲ್ಲ. ಸಂಬಳದಿಂದ ಜೀವಿಸುವವನು ಅಸಲನ್ನೆಲ್ಲ ಒಂದೇ ದಿನ ತರಲಾರನು. ಅವನಿಗೆ ಬೇಕಾದುದು ಕಂತು. ೧೭೭೫ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಗೋಲ್ಡನ್ ಕ್ರಾಸ್ ಎಂಬ ಪಾನಗೃಹದ ಒಡೆಯನಾದ ರಿಚರ್ಡ್ ಕೆಟ್ಲಿಯು ಒಂದು ಗೃಹನಿರ್ಮಾಣ ಸಂಘವನ್ನು ಸ್ಥಾಪಿಸಿದನು. ಇಂಥ ಸಂಘಗಳ ಸದಸ್ಯರು ಪ್ರತಿತಿಂಗಳೂ ಹಣ ಹಾಕುತ್ತ, ಸರದಿಯಂತೆ ಒಬ್ಬೊಬ್ಬರೂ ಮನೆ ಮಾಡಿಕೊಳ್ಳುತ್ತಿದ್ದರು. ಎಲ್ಲರಿಗೂ ಮನೆಯಾದ ಮೇಲೆ ಸಂಘವು ಮುಗಿಯುತ್ತಿದ್ದಿತು. ನಮ್ಮ ಚೀಟಿಯ ಪದ್ಧತಿಯನ್ನು ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಕಾಲಕ್ರಮದಲ್ಲಿ ಮುಗಿಯದೆ ನಡೆಯುವ ಸಂಘಗಳು ಹುಟ್ಟಿ, ಹಣ ಉಳಿಸುವವರೊಬ್ಬರು, ಸಾಲ ಪಡೆಯುವವರು ಮತ್ತೊಬ್ಬರು ಎಂಬ ಏರ್ಪಾಡು ಬಲಗೊಂಡಿತು.

ನಮ್ಮ ಮೈಸೂರು ಸಂಸ್ಥಾನವೂ ಈ ಕಾರ್ಯದಲ್ಲಿ ಹಿಂದೆ ಬೀಳಲಿಲ್ಲ. ಬೆಂಗಳೂರಿನಲ್ಲಿ ೧೮೯೨ರಲ್ಲಿ ಚಾಮರಾಜಪೇಟೆಯು ಯೋಜನೆಯಂತೆ ನಿರ್ಮಿತವಾಯಿತು. ೧೮೯೮ರಲ್ಲಿ ಪ್ಲೇಗು ಕಾಲಿಟ್ಟು ಕಿಕ್ಕಿರಿದ ಹಳೆಯ ಪೇಟೆಗಳು ಮೃತ್ಯುವಿನ ಮನೆಗಳಾದಾಗ ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ವಿಸ್ತಾರವಾದ ಬೀದಿಗಳೊಡನೆ ಬೆಳೆದುವು. ನಿವೇಶನವು ದೊರೆತರೂ ಮನೆ ಕಟ್ಟುವ ಹಣವೆಲ್ಲಿ? ೧೯೦೫ರಲ್ಲಿ ಸಂಸ್ಥಾನದ ಸಹಕಾರ ಸಂಘಗಳ ಶಾಸನವಾಯಿತು; ೧೯೦೯ರಲ್ಲಿ ಬೆಂಗಳೂರು ಗೃಹನಿರ್ಮಾಣ ಸಹಕಾರ ಸಂಘವು ಹುಟ್ಟಿತು. ಹಿಂದೂದೇಶದ ಗೃಹನಿರ್ಮಾಣ ಸಹಕಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈ ಸಂಘದಿಂದಲೇ ಆರಂಭಿಸುತ್ತಾರೆ.

ಆದರೂ ಬಹುಕಾಲ ಸಂಬಳದಾರನಿಗೆ ದೀರ್ಘಾವಧಿಯ ಸಾಲವು ಸುಲಭವಾಗಿರಲಿಲ್ಲ. ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಮನೆ ಕಟ್ಟಿಸುವುದು ಎಷ್ಟೋ ಸಂಸಾರಗಳ ಪದ್ಧತಿಯಾಗಿದ್ದಿತು. ೧೯೭೦ರಲ್ಲಿ ಕೇಂದ್ರ ಸರ್ಕಾರವು ಹುಡ್ಕೋ ಸಂಸ್ಥೆಯನ್ನು ತೆರೆಯಿತು. ೧೯೭೭ರಲ್ಲಿ ಹಸ್ಮುಖ್ ಠಾಕೋರ್‌ದಾಸ್ ಪಾರೇಖರು ಮುಂಬಯಿಯಲ್ಲಿ ಎಚ್.ಡಿ.ಎಫ್.ಸಿ. ಸಂಸ್ಥೆಯನ್ನು ಸ್ಥಾಪಿಸಿದರು, ಮಧ್ಯಮ ವರ್ಗದವರು ದುಡಿಯುವ ವಯಸ್ಸಿನಲ್ಲಿಯೇ ಸ್ವಂತ ಮನೆಯಲ್ಲಿ ವಾಸಿಸಬೇಕೆಂಬುದು ಅದರ ಗುರಿ. ೧೯೮೮ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಹುಟ್ಟಿತು. ಅಲ್ಲಿಂದ ಮುಂದೆ ಮನೆಸಾಲವು ಮನೆಮಾತಾಯಿತು, ಇ.ಎಂ.ಐ. ಎಂಬ ಮೂರಕ್ಷರವು ಮಕ್ಕಳ ಬಾಯಲ್ಲಿಯೂ ನಲಿಯತೊಡಗಿತು.

ಈ ಸಮಕಂತಿನ ಗುಣವನ್ನು ಸ್ವಲ್ಪ ಗಣಿತದಿಂದ ಪರೀಕ್ಷಿಸೋಣ. ಗೃಹಸ್ಥನೊಬ್ಬನು ೫೦ ಲಕ್ಷ ರೂಪಾಯಿಯ ಮನೆಯನ್ನು ಕೊಳ್ಳಲು ೪೦ ಲಕ್ಷವನ್ನು ವರ್ಷಕ್ಕೆ ಶೇಕಡ ೯ರ ಬಡ್ಡಿಯಂತೆ ೨೦ ವರ್ಷಗಳಿಗೆ ಸಾಲ ಪಡೆದನೆಂದು ಭಾವಿಸಿರಿ. ತಿಂಗಳ ಕಂತು ಸುಮಾರು ೩೫,೯೮೯ ರೂಪಾಯಿ. ಮೊದಲನೆಯ ಕಂತಿನಲ್ಲಿ ೩೦,೦೦೦ ರೂಪಾಯಿ ಬಡ್ಡಿಗೇ ಹೋಗುವುದು. ಅಸಲಿಗೆ ಸಲ್ಲುವುದು ೫,೯೮೯ ಮಾತ್ರ. ಐದು ವರ್ಷಗಳಲ್ಲಿ ಅವನು ೨೧ ಲಕ್ಷ ೫೯ ಸಾವಿರಕ್ಕೂ ಹೆಚ್ಚು ಕಟ್ಟಿರುವನು. ಸಾಲವು ಇನ್ನೂ ಸುಮಾರು ೩೫ ಲಕ್ಷ ೪೮ ಸಾವಿರ ಉಳಿದಿರುವುದು. ಅಸಲಿನ ಅರ್ಧವು ತೀರುವ ಹೊತ್ತಿಗೆ ಹದಿನಾಲ್ಕು ವರ್ಷಗಳು ಕಳೆದಿರುವುವು. ಕೊನೆಯಲ್ಲಿ ಕೂಡಿಸಿ ನೋಡಿದರೆ ಒಟ್ಟು ಸಂದುದು ೮೬ ಲಕ್ಷ ೩೭ ಸಾವಿರ. ಅದರಲ್ಲಿ ಬಡ್ಡಿಯೇ ೪೬ ಲಕ್ಷ ೩೭ ಸಾವಿರ.

ಬಡ್ಡಿಯು ಅಸಲನ್ನು ಮೀರಿತಲ್ಲ, ದಾಮದುಪಟ್ಟಿನ ನಿಯಮವೆಲ್ಲಿ ಹೋಯಿತೆಂದು ಕೇಳಬಹುದು. ಆ ನಿಯಮವು ಒಂದೇ ಸಲಕ್ಕೆ ವಸೂಲಾಗುವ ಬಡ್ಡಿಗೆ ಮಾತ್ರ ಸಂಬಂಧಪಟ್ಟುದು. ತಿಂಗಳು ತಿಂಗಳೂ ಸಲ್ಲುವ ಬಡ್ಡಿಯನ್ನು ಅದು ಕೂಡಿಸುವುದಿಲ್ಲ. ಇಲ್ಲಿ ವಂಚನೆಯೇನೂ ಇಲ್ಲ. ಉಳಿದ ಅಸಲಿನ ಮೇಲೆ ಒಪ್ಪಿದ ಬಡ್ಡಿಯೇ ಸಲ್ಲುತ್ತಿದೆ. ಬಡ್ಡಿಯನ್ನು ಬೆಳೆಯಿಸುವುದು ಅವಧಿ. ಇದೇ ಸಾಲವನ್ನು ೧೫ ವರ್ಷಗಳಲ್ಲಿ ತೀರಿಸುವುದಾದರೆ ಕಂತು ೪೦,೫೭೧ ರೂಪಾಯಿ. ತಿಂಗಳಿಗೆ ೪,೫೮೨ ಹೆಚ್ಚು. ಆದರೆ ಒಟ್ಟು ಬಡ್ಡಿಯು ಸುಮಾರು ೩೩ ಲಕ್ಷಕ್ಕೆ ಇಳಿದು, ೧೩ ಲಕ್ಷಕ್ಕಿಂತ ಹೆಚ್ಚಿನ ಹಣವು ಉಳಿಯುವುದು. ಏರಿಳಿಯುವ ಬಡ್ಡಿಯ ಮನೆಸಾಲವನ್ನು ಗಡುವಿಗೆ ಮೊದಲೇ ತೀರಿಸಿದರೆ ದಂಡ ಹಾಕಕೂಡದೆಂದು ರಿಜರ್ವ್ ಬ್ಯಾಂಕು ೨೦೧೨ರಲ್ಲಿ ಬ್ಯಾಂಕುಗಳಿಗೆ ವಿಧಿಸಿತು. ಆದುದರಿಂದ ಕೈಗೆ ಬಂದ ಹೆಚ್ಚಿನ ಹಣವನ್ನು ಮೊದಲ ವರ್ಷಗಳಲ್ಲಿಯೇ ಅಸಲಿಗೆ ಕಟ್ಟುವುದು ಲಾಭಕರ.

ಏರಿಳಿಯುವ ಬಡ್ಡಿಗೆ ಇನ್ನೊಂದು ಗುಣವುಂಟು. ಮೇಲಿನ ಸಾಲದಲ್ಲಿ ಬಡ್ಡಿಯು ಆರಂಭದಲ್ಲಿಯೇ ೯ರಿಂದ ೧೦ಕ್ಕೆ ಏರಿದರೂ ಕಂತು ಹಾಗೆಯೇ ಇದ್ದಿತೆನ್ನಿ. ಸಾಲಗಾರನಿಗೆ ಯಾವ ವ್ಯತ್ಯಾಸವೂ ಕಾಣದು. ಆದರೆ ೨೪೦ ಕಂತುಗಳ ಸಾಲವು ಸುಮಾರು ೩೧೪ ಕಂತುಗಳಿಗೆ ಬೆಳೆದಿರುವುದು. ಆರು ವರ್ಷಗಳ ದುಡಿಮೆಯು ಸದ್ದಿಲ್ಲದೆ ಒತ್ತೆಯಾಗಿರುವುದು. ೨೦೨೩ರ ಆಗಸ್ಟಿನಲ್ಲಿ ರಿಜರ್ವ್ ಬ್ಯಾಂಕು, ಬಡ್ಡಿಯು ಬದಲಾದಾಗ ಕಂತನ್ನು ಹೆಚ್ಚಿಸುವುದೋ ಅವಧಿಯನ್ನು ಹೆಚ್ಚಿಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಟ್ಟು ಅದರ ಪರಿಣಾಮವನ್ನು ತಿಳಿಸಬೇಕೆಂದು ಆಜ್ಞೆ ಮಾಡಿದುದು ಈ ಕಾರಣದಿಂದಲೇ.

ಮನೆಯ ಬೆಲೆಯೇ ಮನೆಯ ಖರ್ಚಲ್ಲವೆಂಬುದನ್ನೂ ಮರೆಯಬಾರದು. ರಿಜರ್ವ್ ಬ್ಯಾಂಕಿನ ನಿಯಮದಂತೆ ೩೦ ಲಕ್ಷದವರೆಗಿನ ಸಾಲವು ಸ್ವತ್ತಿನ ಬೆಲೆಯ ಶೇಕಡ ೯೦ನ್ನೂ, ೭೫ ಲಕ್ಷದವರೆಗಿನದು ಶೇಕಡ ೮೦ನ್ನೂ, ಅದಕ್ಕೆ ಮೇಲ್ಪಟ್ಟುದು ಶೇಕಡ ೭೫ನ್ನೂ ಮೀರುವಂತಿಲ್ಲ. ನಮ್ಮ ಗೃಹಸ್ಥನು ೧೦ ಲಕ್ಷವನ್ನು ಕೈಯಿಂದ ಹಾಕಬೇಕು. ಕರ್ನಾಟಕದ ನಗರದಲ್ಲಿ ಶೇಕಡ ೫ರ ಮುದ್ರಾಂಕ ಶುಲ್ಕವು ಉಪಕರಗಳೊಡನೆ ಶೇಕಡ ೫.೬ ಆಗುವುದು, ನೋಂದಣಿಯ ಶುಲ್ಕವು ೨೦೨೫ರ ಆಗಸ್ಟ್ ೩೧ರಿಂದ ಶೇಕಡ ೧ರಿಂದ ೨ಕ್ಕೆ ಏರಿತು. ಈ ಲೆಕ್ಕದಂತೆ ೫೦ ಲಕ್ಷದ ಮನೆಗೆ ೩ ಲಕ್ಷ ೮೦ ಸಾವಿರವು ಪತ್ರದ ಖರ್ಚೇ ಆಯಿತು. ವಕೀಲರ ಸಂಭಾವನೆ, ಬ್ಯಾಂಕಿನ ಶುಲ್ಕ, ಖಾತೆಯ ಬದಲಾವಣೆ, ವರ್ಷ ವರ್ಷದ ಕಂದಾಯ, ದುರಸ್ತಿ ಇವುಗಳು ಬೇರೆ. ಸಾಲವು ಮಂಜೂರಾದ ಸಂತೋಷದಲ್ಲಿ ಈ ಲೆಕ್ಕವನ್ನು ಮರೆತು, ಕೊನೆಯ ಗಳಿಗೆಯಲ್ಲಿ ಒಡವೆಯನ್ನು ಒತ್ತೆಯಿಟ್ಟವರು ಉಂಟು.

ಖರ್ಚಿಗಿಂತ ಮುಖ್ಯವಾದುದು ಪತ್ರಗಳ ಪರಿಶೋಧನೆ. ಮೊದಲಿನ ಒತ್ತೆಯೇ ಬಲವತ್ತರವೆಂಬ ಹಳೆಯ ಮಾತು ಇಲ್ಲಿ ಮತ್ತೆ ಬರುವುದು. ಮಾರುವವನು ಅದಾಗಲೇ ಇನ್ನೊಬ್ಬನಲ್ಲಿ ಸ್ವತ್ತನ್ನು ಒತ್ತೆಯಿಟ್ಟಿದ್ದರೆ ಕೊಂಡವನಿಗೆ ಮನೆಯೊಡನೆ ಆ ಋಣವೂ ಸೇರಿ ಬರುವುದು. ಇದನ್ನು ತಿಳಿಯಲೆಂದೇ ನೋಂದಣಿಯ ಕಚೇರಿಯಿಂದ ಋಣಭಾರ ಪತ್ರವನ್ನು ಪಡೆಯುವ ರೂಢಿಯುಂಟು. ಆದರೆ ನೋಂದಣಿಯಾಗದ ವ್ಯವಹಾರವು ಅದರಲ್ಲಿ ಕಾಣಿಸಲಾರದು. ಹಕ್ಕುಪತ್ರಗಳನ್ನು ಕೈಗೆ ಕೊಟ್ಟುದರಿಂದಲೇ ಅಡಮಾನವಾಗಬಹುದಾದುದರಿಂದ, ಮೂಲಪತ್ರಗಳನ್ನು ಕಣ್ಣಾರೆ ನೋಡದೆ ಮುಂಗಡ ಕೊಡುವುದು ವಿವೇಕವಲ್ಲ. ನಕಲನ್ನು ತೋರಿಸಿ, ಮೂಲವು ಊರಿನಲ್ಲಿದೆಯೆಂದು ಹೇಳುವವನ ಮಾತನ್ನು ಕೇಳಿ ಸುಮ್ಮನಾಗಬಾರದು.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಮರಳೋಣ. ಬಿಡಿಸಿಕೊಳ್ಳುವ ಹಕ್ಕು ಇಂದು ಯಾವ ಸ್ಥಿತಿಯಲ್ಲಿದೆ? ೨೦೦೨ರ ಸರ್ಫೇಸಿ ಕಾಯಿದೆಯು ಬ್ಯಾಂಕುಗಳ ಕೈಯನ್ನು ಬಹಳ ಬಲಪಡಿಸಿತು. ಕಂತು ತಪ್ಪಿ ೯೦ ದಿನಗಳು ಮೀರಿದರೆ ಸಾಲವು ಕೆಟ್ಟ ಸಾಲವೆನಿಸುವುದು. ಆಮೇಲೆ ಬ್ಯಾಂಕು ೬೦ ದಿನಗಳ ನೋಟೀಸನ್ನು ಕೊಟ್ಟು, ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಪಡಿಸಿಕೊಂಡು ಹರಾಜು ಹಾಕಬಹುದು. ಸಾಲಗಾರನು ಆಕ್ಷೇಪಣೆಯನ್ನು ಬರೆದು ಕಳುಹಿಸಬಹುದು. ಬ್ಯಾಂಕು ಮುಂದಿನ ಕ್ರಮವನ್ನು ಕೈಕೊಂಡರೆ ೪೫ ದಿನಗಳೊಳಗೆ ಸಾಲವಸೂಲಿಯ ನ್ಯಾಯಮಂಡಲಿಗೆ ಹೋಗಬಹುದು. ಹಣ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವು ಮೊದಲು ಮಾರಾಟದವರೆಗೂ ಇದ್ದಿತು. ೨೦೧೬ರ ತಿದ್ದುಪಡಿಯು ಅದನ್ನು ಹರಾಜಿನ ಪ್ರಕಟನೆ ಹೊರಡುವವರೆಗೆ ಎಂದು ಕಿರಿದುಮಾಡಿತು. ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಹರಾಜಿನ ದಿನ ಹಣದ ಗಂಟನ್ನು ಹೊತ್ತು ಓಡಿಬರುವ ಸಾಲಗಾರನಿಗೆ ಈ ಕಾಯಿದೆಯಲ್ಲಿ ಬಾಗಿಲು ತೆರೆಯದು. ಸಾಲ ಕೊಟ್ಟ ಹಣವು ಠೇವಣಿದಾರರದು, ಅದು ಬೇಗ ಮರಳಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಕೆಲಸ ಹೋದವನು ಮೊದಲನೆಯ ಕಂತು ತಪ್ಪುವುದಕ್ಕೆ ಮುಂಚೆಯೇ ಬ್ಯಾಂಕಿಗೆ ಹೋಗಿ ತನ್ನ ಸ್ಥಿತಿಯನ್ನು ಹೇಳಿಕೊಳ್ಳಬೇಕು. ಬಂದ ನೋಟೀಸನ್ನು ನಾಚಿಕೆಯಿಂದ ಮಡಿಸಿಟ್ಟು ಮನೆಯವರಿಂದಲೂ ಬಚ್ಚಿಡುವುದು ಸರ್ವಥಾ ಸಲ್ಲದು. ಕಾಲವೇ ಇಲ್ಲಿ ಆಸ್ತಿ.

ಹಕ್ಕು ಕಿರಿದಾದ ಕಾಲದಲ್ಲಿಯೇ ಬೇರೆ ಎರಡು ಕಡೆ ಅದು ಬಲವಾದುದೂ ಉಂಟು. ಭೋಗ್ಯದ ಅಡಮಾನದಲ್ಲಿ ಇಷ್ಟು ವರ್ಷಗಳು ಕಳೆದುವೆಂಬ ಮಾತ್ರಕ್ಕೆ ಸಾಲಗಾರನ ಹಕ್ಕು ನಾಶವಾಗದೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಫಲಭೋಗ್ಯವು ನಾಶವಾಗದೆಂಬ ಯಾಜ್ಞವಲ್ಕ್ಯನ ಅಭಿಪ್ರಾಯವು ಸಾವಿರ ವರ್ಷಗಳಿಗೂ ಮೀರಿದ ಕಾಲದ ಮೇಲೆ ಹೀಗೆ ಮತ್ತೆ ಕೇಳಿಬಂದಿತು. ಎರಡನೆಯದು ರಿಜರ್ವ್ ಬ್ಯಾಂಕಿನ ಆಜ್ಞೆ. ೨೦೨೩ರ ಡಿಸೆಂಬರ್ ೧ರಿಂದ, ಸಾಲವು ಪೂರ್ತಿಯಾಗಿ ತೀರಿದ ೩೦ ದಿನಗಳೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನವೊಂದಕ್ಕೆ ೫,೦೦೦ ರೂಪಾಯಿಯಂತೆ ಸಾಲಗಾರನಿಗೆ ಪರಿಹಾರ ತೆರಬೇಕು. ಹಣ ತಂದವನಿಗೆ ಒತ್ತೆಯನ್ನು ಬಿಡದವನು ಕಳ್ಳನೆಂದ ಸ್ಮೃತಿಯ ಮಾತು ಒರಟಾಗಿದ್ದಿತು. ಈ ಆಜ್ಞೆಯ ಮಾತು ನಯವಾಗಿದೆ. ಎರಡರ ತಾತ್ಪರ್ಯವೂ ಒಂದೇ.

ಆದುದರಿಂದ ಮನೆಗಾಗಿ ಸಾಲ ಮಾಡುವವರು ಅಂಜಬೇಕಾಗಿಲ್ಲ. ಆದರೆ ಅರಿತು ಮಾಡಬೇಕು. ಅಡಮಾನವು ಮಾರಾಟವಲ್ಲವೆಂಬುದನ್ನು ಸ್ಥಾಪಿಸಲು ಕಲ್ಯಾಣದ ಪಂಡಿತರಿಂದ ಮೊದಲ್ಗೊಂಡು ಲಂಡನ್ನಿನ ನ್ಯಾಯಾಧೀಶರವರೆಗೆ ಅನೇಕರು ಶ್ರಮಪಟ್ಟಿದ್ದಾರೆ. ಅವರು ಕಾಪಾಡಿದ ಹಕ್ಕು, ಕಾಲಕ್ಕೆ ಸರಿಯಾಗಿ ಹಣ ತಂದವನಿಗೆ ಮಾತ್ರ ಉಪಯೋಗಕ್ಕೆ ಬರುವುದು. ಕಂತು ಎಷ್ಟೆಂದು ಕೇಳುವಾಗ ಎಷ್ಟು ವರ್ಷವೆಂದೂ ಕೇಳಿರಿ. ಬೆಲೆ ಎಷ್ಟೆಂದು ಕೇಳುವಾಗ ಋಣವೇನಿದೆಯೆಂದೂ ಕೇಳಿರಿ. ಕೊನೆಯ ಕಂತನ್ನು ಕಟ್ಟಿದ ದಿನ ಬ್ಯಾಂಕಿಗೆ ಹೋಗಿ ಮೂಲಪತ್ರಗಳನ್ನು ಪುಟ ಎಣಿಸಿ ತೆಗೆದುಕೊಂಡು, ಋಣಭಾರ ಪತ್ರದಲ್ಲಿ ಆ ಅಡಮಾನವು ಬಿಡುಗಡೆಯಾಗಿರುವುದನ್ನು ನೋಡಿ, ಆಮೇಲೆ ಮನೆಗೆ ಬನ್ನಿರಿ. ಗೃಹಪ್ರವೇಶವು ಎಷ್ಟೋ ವರ್ಷಗಳ ಹಿಂದೆಯೇ ಆಗಿರಬಹುದು. ಆದರೂ ಮನೆಯು ಋಣವಿಲ್ಲದೆ ನಿಮ್ಮದಾಗುವುದು ಆ ದಿನ.